ಹಾಲಿನ ಸೊಸೈಟಿಯ ಮಾಡಿಗೆ ಸೋಲಾರ್ ಬಂದ ಬಗೆ

ನಮ್ಮ ಹಾಲಿನ ಸೊಸೈಟಿಯ ಮಾಡಿನ ಮೇಲೆ ಈಗ 20 ಕಿಲೋವ್ಯಾಟ್ ಸೋಲಾರ್ ಇದೆ. ಊರು ಉಡುಪಿ ಜಿಲ್ಲೆಯ ಹೆಬ್ರಿಯ ಹತ್ತಿರ, ಆಗುಂಬೆ ಘಾಟಿಯ ಬುಡದಲ್ಲಿ. ಬೇರೆ ಸೊಸೈಟಿಗಳ ನಿರ್ದೇಶಕರು ಫೋನ್ ಮಾಡಿ ವಿಚಾರಿಸುತ್ತಾರೆ. ಎಷ್ಟು ಖರ್ಚಾಯಿತು? ಸಬ್ಸಿಡಿ ಎಷ್ಟು ಸಿಕ್ಕಿತು? ಯಾರ ಹತ್ತಿರ ಮಾಡಿಸಿದಿರಿ? ಇದಕ್ಕೆಲ್ಲ ಎರಡು ನಿಮಿಷದಲ್ಲಿ ಉತ್ತರ ಹೇಳಬಹುದು. ಆದರೆ ಅಷ್ಟು ತಿಳಿದುಕೊಂಡು ಕೆಲಸಕ್ಕೆ ಇಳಿದರೆ ಸಾಲದು. ಹಾಲು ಹಾಕುವವರೇ ಮಾಲೀಕರಾಗಿರುವ ಒಂದು ಸಂಘ ನಮ್ಮಲ್ಲಿ ಮೊದಲೇ ಇತ್ತು. ಅಲ್ಲಿ ಎದ್ದು ನಿಂತು ಲೆಕ್ಕ ಕೇಳುವ ರೂಢಿ ಇತ್ತು. ಸೋಲಾರ್ ಬಂದದ್ದೂ ಉಳಿದದ್ದೂ ಅದರಿಂದಲೇ ಎಂದು ನಾನು ನಂಬಿದ್ದೇನೆ. ಫೋನಿನಲ್ಲಿ ಇಷ್ಟನ್ನೆಲ್ಲ ಹೇಳಲು ಆಗುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಸಂಘದ ಆಡಳಿತ ಮಂಡಳಿಯಲ್ಲಿ ಒಬ್ಬ ನಿರ್ದೇಶಕಿ. ಮನೆಯ ಹಟ್ಟಿಯಲ್ಲಿ ದನಗಳಿವೆ, ಎರಡು ಹೊತ್ತೂ ಹಾಲು ಹಾಕುತ್ತೇನೆ. ಸಂಘದಲ್ಲಿ ಬಿಎಂಸಿ ಇದೆ, ಅಂದರೆ ಹಾಲನ್ನು ತಣ್ಣಗೆ ಮಾಡಿ ಇಡುವ ದೊಡ್ಡ ಟ್ಯಾಂಕ್. ಪಕ್ಕದ ಸಂಘಗಳ ಹಾಲೂ ಇಲ್ಲಿಗೇ ಬರುತ್ತದೆ. ಆಗಷ್ಟೇ ಕರೆದ ಹಾಲು ಬೆಚ್ಚಗಿರುತ್ತದೆ. ಅದನ್ನು ಬೇಗ 4 ಡಿಗ್ರಿಗೆ ಇಳಿಸಬೇಕು. ಇಲ್ಲದಿದ್ದರೆ ಟ್ಯಾಂಕರ್ ಉಪ್ಪೂರಿನ ಡೈರಿಗೆ ಮುಟ್ಟುವ ಹೊತ್ತಿಗೆ ಹುಳಿ ತಿರುಗುತ್ತದೆ. ಹೀಗೆ ತಣ್ಣಗೆ ಮಾಡುವ ಕಂಪ್ರೆಸರ್ ತಿನ್ನುವ ಕರೆಂಟೇ ಸಂಘದ ಬಿಲ್ಲಿನಲ್ಲಿ ದೊಡ್ಡ ಪಾಲು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಜನರೇಟರ್ ಓಡಿಸಬೇಕು, ಅದಕ್ಕೆ ಡೀಸೆಲ್. ಇದೆಲ್ಲ ಸಂಘದ ಖರ್ಚು ಎಂದು ಪುಸ್ತಕದಲ್ಲಿ ಬರೆಯುತ್ತೇವೆ. ನಿಜಕ್ಕೂ ಅದು ಹಾಲು ಹಾಕುವವರ ಬೋನಸ್‌ನಿಂದ ಹೋಗುವ ಹಣ.

ಒಂದು ವಿಷಯ ನನ್ನ ತಲೆಯಲ್ಲಿ ಬಹಳ ಕಾಲದಿಂದ ಇತ್ತು. ನಮ್ಮ ಜಿಲ್ಲೆ ವಿದ್ಯುತ್ತಿಗೆ ಬಡ ಜಿಲ್ಲೆಯಲ್ಲ. ಹೊಸಂಗಡಿಯಲ್ಲಿ ವಾರಾಹಿಯ 460 ಮೆಗಾವ್ಯಾಟ್‌ನ ಭೂಗತ ವಿದ್ಯುದಾಗಾರ ಇದೆ. ಎಲ್ಲೂರಿನಲ್ಲಿ 1200 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ಇದೆ, ಅದರ ಕಲ್ಲಿದ್ದಲು ಹೊರದೇಶದಿಂದ ಹಡಗಿನಲ್ಲಿ ಪಣಂಬೂರಿಗೆ ಬಂದು ಇಳಿಯುತ್ತದೆ. ಇಷ್ಟಿದ್ದೂ ಜುಲೈಯಲ್ಲಿ ಒಂದು ಗಾಳಿ ಬೀಸಿದರೆ ನಮ್ಮ ಊರು ಕತ್ತಲೆ. ದೊಡ್ಡ ಸ್ಥಾವರ ಹತ್ತಿರ ಇದ್ದ ಮಾತ್ರಕ್ಕೆ ಹಳ್ಳಿಗೆ ಕರೆಂಟ್ ಗಟ್ಟಿಯಾಗಿ ಸಿಗುವುದಿಲ್ಲ. ಉತ್ಪಾದನೆ ಒಂದು ಕಡೆ, ನಿರ್ಧಾರ ಇನ್ನೊಂದು ಕಡೆ, ನಾವು ಲೈನಿನ ಕೊನೆಯಲ್ಲಿ.

ಆಡಳಿತ ಮಂಡಳಿಯ ಸಭೆಯಲ್ಲಿ ಸೋಲಾರ್ ಮಾತು ಬಂದಾಗ ಮೂರು ಜನರ ಉಪಸಮಿತಿ ಮಾಡಿದರು. ನಾನು, ನಿವೃತ್ತರಾದ ಪೋಸ್ಟ್ ಮಾಸ್ಟರ್ ಒಬ್ಬರು, ಮತ್ತೆ ವೈರಿಂಗ್ ಕೆಲಸ ಮಾಡುವ ಊರಿನ ಯುವಕ. ಮಾಷ್ಟ್ರು ಮೊದಲೇ ಒಂದು ಮಾತು ಹೇಳಿದರು. "ಕಂಪನಿಯವರನ್ನು ಆಮೇಲೆ ಕರೆಯುವ ಅಕ್ಕ. ನಮ್ಮಲ್ಲೇ ಕರೆಂಟ್ ಮಾಡಿಕೊಂಡವರು ಇದ್ದಾರೆ, ಮೊದಲು ಅವರನ್ನು ನೋಡುವ."

ಅವರು ಹೇಳಿದ್ದು ಕಾಡಿನ ಅಂಚಿನ ಮನೆಗಳನ್ನು. ಸೋಮೇಶ್ವರ ಅಭಯಾರಣ್ಯದ ಕಡೆಗೆ, ಕಂಬ ಬಹಳ ತಡವಾಗಿ ಮುಟ್ಟಿದ ಜಾಗ. ಕರೆಂಟಿಗೆ ಕಾದು ಸಾಕಾಗಿ ತೊರೆಯ ನೀರಿನಿಂದಲೇ ವಿದ್ಯುತ್ ಮಾಡಿಕೊಂಡ ಮನೆಗಳು ಘಟ್ಟದ ಬುಡದಲ್ಲಿ ಉದ್ದಕ್ಕೂ ಇವೆ, ಬೆಳ್ತಂಗಡಿ, ಸುಳ್ಯದ ಕಡೆಯೂ ಇವೆ. ನಾವು ನೋಡಲು ಹೋದಲ್ಲಿ ಮೂರು ಮನೆಗೆ ಸೇರಿ ಒಂದು ಟರ್ಬೈನ್ ಇತ್ತು. ಗುಡ್ಡದ ಮೇಲೆ ತೊರೆಗೆ ಚಿಕ್ಕ ಕಟ್ಟ, ಅಲ್ಲಿಂದ ಪಿವಿಸಿ ಪೈಪು, ಕೆಳಗೆ ಶೀಟಿನ ಗೂಡಿನಲ್ಲಿ ಯಂತ್ರ. ಲೆಕ್ಕ ಸುಲಭ. ನೀರು ಎಷ್ಟು ಎತ್ತರದಿಂದ ಬೀಳುತ್ತದೆ, ಸೆಕೆಂಡಿಗೆ ಎಷ್ಟು ಲೀಟರ್ ಬರುತ್ತದೆ, ಇವೆರಡೇ ಮುಖ್ಯ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ಬಿದ್ದರೆ, ಪೈಪು ಮತ್ತು ಯಂತ್ರದಲ್ಲಿ ಅರ್ಧ ಹೋದರೂ ಸುಮಾರು ಒಂದು ಕಿಲೋವ್ಯಾಟ್ ಕೈಗೆ ಬರುತ್ತದೆ. ನೀರು ಹಗಲು ರಾತ್ರಿ ಹರಿಯುವುದರಿಂದ ಆ ಒಂದು ಕಿಲೋವ್ಯಾಟ್ ದಿನಕ್ಕೆ 24 ಯೂನಿಟ್. ಅಷ್ಟು ಬೇಕಾದರೆ ಸೋಲಾರ್ ಐದಾರು ಕಿಲೋವ್ಯಾಟ್ ಹಾಕಬೇಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಯಂತ್ರಕ್ಕಿಂತ ಅವರ ಕ್ರಮ. ಒಂದು ಮನೆಯಲ್ಲಿ ಅಡಿಕೆ ಸುಲಿಯುವ ಯಂತ್ರ ಓಡುವಾಗ ಉಳಿದೆರಡು ಮನೆಯವರು ಮಿಕ್ಸಿ, ಪಂಪು ಹಾಕುವುದಿಲ್ಲ. ಹೊತ್ತು ಮೊದಲೇ ಮಾತಾಡಿಕೊಂಡಿರುತ್ತಾರೆ. ಕಟ್ಟದ ಬಾಯಿಗೆ ಎಲೆ ಕಟ್ಟಿಕೊಂಡರೆ ತೆಗೆಯಲು ಸರದಿ. ಬೇರಿಂಗ್ ಹಾಳಾದರೆ ಮೂರು ಪಾಲು. ಯಾರೂ ಉಪಯೋಗಿಸದ ಹೊತ್ತಿನಲ್ಲಿ ಹೆಚ್ಚಾದ ಕರೆಂಟ್ ಬಚ್ಚಲಿನ ನೀರು ಕಾಯಿಸುವ ಕಾಯಿಲಿಗೆ ತಾನೇ ಹೋಗುತ್ತದೆ. ಹಾಗೆ ಮಾಡದಿದ್ದರೆ ಯಂತ್ರ ವಿಪರೀತ ವೇಗದಲ್ಲಿ ತಿರುಗಿ ಹಾಳಾಗುತ್ತದೆ. ಆ ಕಾಯಿಲೂ ಒಂದೇ ಮನೆಯಲ್ಲಿಲ್ಲ, ವರ್ಷಕ್ಕೊಂದು ಮನೆಗೆ ಬದಲಾಯಿಸುತ್ತಾರೆ. ನೋಂದಣಿ ಇಲ್ಲ, ಬೈಲಾ ಇಲ್ಲ, ಷೇರು ಇಲ್ಲ. ಆದರೂ ನಾನು ನೋಡಿದ ಮೊದಲ ವಿದ್ಯುತ್ ಸಹಕಾರ ಸಂಘ ಅದು.

"ಬೇಸಗೆಗೆ ನೀರು ಬತ್ತಿದರೆ?" ಎಂದು ಕೇಳಿದೆ. "ಜನವರಿ ದಾಟಿದರೆ ಕಷ್ಟ ಉಂಟು. ಆಗ ಬಿಸಿಲು ಉಂಟಲ್ಲ ಅಮ್ಮ" ಎಂದರು ಅಲ್ಲಿಯ ಹಿರಿಯರು. ಮಾಡಿನ ಮೇಲೆ ಎರಡು ಸೋಲಾರ್ ಪ್ಯಾನೆಲ್ ತೋರಿಸಿದರು. ನಮ್ಮ ಕರಾವಳಿ, ಘಟ್ಟದ ಬುಡಕ್ಕೆ ಹೇಳಿ ಮಾಡಿಸಿದ ಜೋಡಿ ಇದು. ಮಳೆ ಇರುವಾಗ ನೀರು, ಮಳೆ ಇಲ್ಲದಾಗ ಬಿಸಿಲು. ಸಂಘದ ಕಟ್ಟಡ ರಸ್ತೆ ಬದಿಯ ಸಪಾಟು ಜಾಗದಲ್ಲಿದೆ, ಅಲ್ಲಿಗೆ ನೀರಿನ ವಿದ್ಯುತ್ ಆಗುವಂತಿರಲಿಲ್ಲ. ಹಾಗಾಗಿ ನಮಗೆ ಸೋಲಾರೇ ಗತಿ.

ಆ ನಂತರ ನಾನು ಓದಲು ಶುರು ಮಾಡಿದೆ. ಹುಕ್ಕೇರಿಯ ಬಗ್ಗೆ ಗೊತ್ತಾಗಿ ನಿಜಕ್ಕೂ ಖುಷಿಯಾಯಿತು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇದೆ. ಆಗ ದೇಶದಲ್ಲಿ ಪ್ರಯೋಗಕ್ಕೆಂದು ಶುರುವಾದ ಐದು ಸಂಘಗಳಲ್ಲಿ ಅದೂ ಒಂದು. ವಿದ್ಯುತ್ ಖರೀದಿ ಮಾಡಿ ತಾಲೂಕಿನ ಮನೆ, ಪಂಪುಗಳಿಗೆ ಹಂಚುವುದು, ಬಿಲ್ ಮಾಡುವುದು, ಕಂಬ ನೋಡಿಕೊಳ್ಳುವುದು ಎಲ್ಲ ಸಹಕಾರ ಸಂಘವೇ. ತೆಲಂಗಾಣದ ಸಿರಿಸಿಲ್ಲದಲ್ಲಿಯೂ ಅಂಥದ್ದೇ ಒಂದಿದೆ. ಈ ಯೋಚನೆಗೆ ಅಮೆರಿಕದ ಸಹಾಯ ಇತ್ತು. ಅಲ್ಲಿ 1930ರ ದಶಕದಲ್ಲಿ ಪೇಟೆಯ ಮನೆಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೆ ಕರೆಂಟ್ ಇದ್ದರೆ, ರೈತರ ಮನೆಗಳಲ್ಲಿ ಹತ್ತಕ್ಕೆ ಒಂದಕ್ಕೆ ಮಾತ್ರ ಇತ್ತಂತೆ. ಹಳ್ಳಿಗೆ ಲೈನ್ ಎಳೆದರೆ ಲಾಭ ಇಲ್ಲ ಎಂದು ಕಂಪನಿಗಳು ಬರಲಿಲ್ಲ. 1936ರಲ್ಲಿ ಕಾಯ್ದೆ ಬಂತು, ರೈತರು ಸರಕಾರದ ಸಾಲ ಪಡೆದು ತಾವೇ ಸಂಘ ಕಟ್ಟಿ ಲೈನ್ ಎಳೆದುಕೊಂಡರು. ಇವತ್ತಿಗೂ ಅಲ್ಲಿ ಸುಮಾರು 900 ವಿದ್ಯುತ್ ಸಹಕಾರ ಸಂಘಗಳಿವೆ. ಜರ್ಮನಿಯಲ್ಲಿ ಶ್ಯೋನಾವ್ ಎಂಬ ಸಣ್ಣ ಊರಿನ ಜನ, 1986ರ ಚೆರ್ನೋಬಿಲ್ ದುರಂತದ ನಂತರ ಅಣು ವಿದ್ಯುತ್ ಬೇಡವೆಂದು ಸೇರಿ, ಹೋರಾಡಿ, 1997ರಲ್ಲಿ ಊರಿನ ವಿದ್ಯುತ್ ಜಾಲವನ್ನೇ ಕೊಂಡರು.

ನಮ್ಮ ದೇಶದ್ದೇ ಹೊಸ ಉದಾಹರಣೆ ಗುಜರಾತಿನ ಢುಂಡಿ. ಖೇಡಾ ಜಿಲ್ಲೆಯ ಆ ಹಳ್ಳಿಯಲ್ಲಿ 2016ರಲ್ಲಿ ಆರು ರೈತರು ಸೋಲಾರ್ ಪಂಪುಗಳ ಸಹಕಾರ ಸಂಘ ಮಾಡಿದರು. ನೀರಾವರಿಗೆ ಬೇಕಾದಷ್ಟು ಬಳಸಿ, ಉಳಿದದ್ದನ್ನು ವಿದ್ಯುತ್ ಕಂಪನಿಗೆ ಮಾರಿದರು. ಮಾರುವ ದಾರಿ ಇದ್ದರೆ ರೈತ ಸುಮ್ನೆ ನೀರು ಎತ್ತುವುದಿಲ್ಲ, ಅಂತರ್ಜಲವೂ ಉಳಿಯುತ್ತದೆ ಎನ್ನುವುದು ಅದರ ಹಿಂದಿನ ಯೋಚನೆ. ಇದರ ಜತೆ ನಮ್ಮ ಪಾವಗಡದ ಸೋಲಾರ್ ಪಾರ್ಕನ್ನು ಇಟ್ಟು ನೋಡಿ. ಸುಮಾರು 13,000 ಎಕರೆ, 2050 ಮೆಗಾವ್ಯಾಟ್. ಶುರುವಿನಲ್ಲಿ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ. ಬರದ ನಾಡಿಗೆ ಅದು ಸಣ್ಣ ಹಣ ಅಲ್ಲ. ಆದರೆ ಜಾಗ ಇಲ್ಲದ ಕೂಲಿಯವರಿಗೆ ಬಾಡಿಗೆ ಇಲ್ಲ, ಜಾಗ ಕೊಟ್ಟವರಿಗೂ ವಿದ್ಯುತ್ತಿನ ಮೇಲೆ ಯಾವ ಮಾತೂ ಇಲ್ಲ. ನವೀಕರಿಸಬಹುದಾದ ಇಂಧನ ಎಂದ ಕೂಡಲೇ ಹಳ್ಳಿಗೆ ಒಳ್ಳೆಯದಾಯಿತು ಎಂದು ತಿಳಿಯಬಾರದು. ಅದು ಯಾರದ್ದು ಎಂದೂ ಕೇಳಬೇಕು.

ನಮ್ಮ ಕಡೆಯವರಿಗೆ ಈ ಮಾತು ಹೊಸದಲ್ಲ. ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರದ ಕೆಲಸ ಶುರು ಮಾಡಿದ್ದು 1909ರಲ್ಲಿ. ಅಡಿಕೆ ಬೆಲೆ ಕುಸಿದು ಬೆಳೆಗಾರರು ಕಂಗಾಲಾದಾಗ, 1973ರಲ್ಲಿ ಅವರದೇ ಸಹಕಾರ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಸಾಲಕ್ಕೆ, ಅಡಿಕೆಗೆ, ಹಾಲಿಗೆ ಸೇರಿದ ಜನ ಕರೆಂಟಿಗೆ ಯಾಕೆ ಸೇರಬಾರದು ಅಲ್ವಾ?

ಇನ್ನು ಕೊಟೇಶನ್‌ಗಳ ಕಥೆ. ಹಲವರು ಬಂದರು, ಮಾಡು ಅಳೆದರು, ಕಾಗದ ಕೊಟ್ಟರು. ಒಬ್ಬರು ಕೊಟ್ಟ ದರ ತುಂಬ ಕಡಿಮೆ ಇತ್ತು. ಓದಿ ನೋಡಿದರೆ ಅರ್ಥಿಂಗ್ ಇಲ್ಲ, ಸಿಡಿಲು ನಿರೋಧಕ ಇಲ್ಲ, ಪ್ಯಾನೆಲ್ ಕೂರಿಸುವ ಕಬ್ಬಿಣಕ್ಕೆ ಸತುವಿನ ಲೇಪ ಇಲ್ಲ. ನಮ್ಮ ಊರಿಗೆ ಇವೇ ಮುಖ್ಯ. ಏಪ್ರಿಲ್, ಮೇ ತಿಂಗಳ ಸಂಜೆ ಮತ್ತು ಅಕ್ಟೋಬರಿನ ಸಿಡಿಲು ಹೇಗಿರುತ್ತದೆ ಎಂದು ಇಲ್ಲಿ ಬದುಕಿದವರಿಗೆ ಗೊತ್ತು. ಮುರಕಲ್ಲಿನ ನೆಲದಲ್ಲಿ ಅರ್ಥಿಂಗ್ ಸುಲಭಕ್ಕೆ ಹಿಡಿಯುವುದಿಲ್ಲ, ಗುಂಡಿ ಆಳಕ್ಕೆ ತೋಡಿ ಸರಿಯಾದ ಮಣ್ಣು ತುಂಬಬೇಕು. ನಾವು ದರ ಹೋಲಿಸುವ ಮೊದಲು ಏನೇನು ಇರಬೇಕು ಎಂದು ಒಂದು ಹಾಳೆ ಬರೆದು, ಎಲ್ಲರಿಗೂ ಅದೇ ಹಾಳೆ ಕೊಟ್ಟು ಮತ್ತೆ ದರ ಕೇಳಿದೆವು. ಒಂಟಿ ಮನೆಯವರು ಹೀಗೆ ಕೇಳಿದರೆ ಯಾರೂ ಎರಡನೇ ಸಲ ಬರುವುದಿಲ್ಲ. ಸಂಘ ಕೇಳಿದ್ದಕ್ಕೆ ಬಂದರು.

ಸಬ್ಸಿಡಿ ಬಗ್ಗೆ ಊರಿನಲ್ಲಿ ಬೇರೆ ಬೇರೆ ಮಾತು ಇತ್ತು. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಹಾಯಧನ ಇದೆ. ಆದರೆ ಅದು ವಾಸದ ಮನೆಗಳಿಗೆ. ಹಾಲಿನ ಸೊಸೈಟಿಯ ಕಟ್ಟಡಕ್ಕೆ ಅದು ಬರುವುದಿಲ್ಲ. ಹತ್ತು ಲಕ್ಷದ ಆಸುಪಾಸಿನ ಹಣವನ್ನು ನಾವೇ ಹೊಂದಿಸಬೇಕಿತ್ತು. ಕಟ್ಟಡ ನಿಧಿಯಿಂದ ಒಂದು ಭಾಗ, ಉಳಿದದ್ದು ಸಹಕಾರಿ ಬ್ಯಾಂಕಿನ ಸಾಲ ಎಂದು ಲೆಕ್ಕ ಹಾಕಿದೆವು. ತಿಂಗಳ ಬಿಲ್ಲಿನಲ್ಲಿ ಉಳಿಯುವ ಹಣದಿಂದ ಕಂತು ಕಟ್ಟಿದರೆ ಸುಮಾರು ಆರು ವರ್ಷಕ್ಕೆ ತೀರುತ್ತದೆ. ಪ್ಯಾನೆಲಿಗೆ 25 ವರ್ಷದ ಖಾತ್ರಿ ಇದೆ. ಇನ್ವರ್ಟರ್ ಅಷ್ಟು ಕಾಲ ಬಾಳುವುದಿಲ್ಲ, ನಡುವೆ ಒಂದು ಸಲವಾದರೂ ಬದಲಾಯಿಸಬೇಕು. ಆ ಹಣವನ್ನೂ ಮೊದಲ ವರ್ಷದಿಂದಲೇ ಬೇರೆ ತೆಗೆದಿಡುವುದೆಂದು ಬರೆದುಕೊಂಡೆವು.

ಸಹಕಾರ ಸಂಘಗಳ ಮಹಾಸಭೆ ಪ್ರತಿ ವರ್ಷ ಸೆಪ್ಟೆಂಬರ್ 25ರೊಳಗೆ ಆಗಬೇಕು. ಚೌತಿಯ ಗಡಿಬಿಡಿ, ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಆದರೂ ಆ ವರ್ಷ ಸಭೆ ತುಂಬಿತ್ತು. ಅಲ್ಲಿ ಬಂದ ಪ್ರಶ್ನೆಗಳನ್ನು ನಾನು ಮರೆಯಲಾರೆ. ಅಷ್ಟು ದಿನ ಮಾತಾಡಿದ ಯಾವ ಎಂಜಿನಿಯರೂ ನಮ್ಮನ್ನು ಅಷ್ಟು ಚೆನ್ನಾಗಿ ಪರೀಕ್ಷೆ ಮಾಡಿರಲಿಲ್ಲ.

ಮೊದಲು ಎದ್ದವರು ದಿನಕ್ಕೆ ಎರಡು ಲೀಟರ್ ಹಾಕುವ ಒಬ್ಬ ಅಜ್ಜಿ. "ಕರೆಂಟ್ ಹೋದಾಗ ಇದು ಓಡ್ತದಾ?" ಎಂದು ಕೇಳಿದರು. ಇಡೀ ಯೋಜನೆಯ ನಾಡಿ ಹಿಡಿಯುವ ಪ್ರಶ್ನೆ ಅದು. ಉತ್ತರ, ಓಡುವುದಿಲ್ಲ. ಗ್ರಿಡ್‌ಗೆ ಸೇರಿಸಿದ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೇ ನಿಲ್ಲುತ್ತದೆ. ಯಾಕೆಂದರೆ ನಮ್ಮ ಮಾಡಿನಿಂದ ಲೈನಿಗೆ ಕರೆಂಟ್ ಹೋಗುತ್ತಿದ್ದರೆ, ಕಂಬ ಹತ್ತಿ ಕೆಲಸ ಮಾಡುವ ಲೈನ್‌ಮ್ಯಾನ್ ಪ್ರಾಣಕ್ಕೆ ಅಪಾಯ. ಮಾಷ್ಟ್ರು ಇದನ್ನು ಮುಚ್ಚಿಡದೆ ಹೇಳಿದರು. "ಹಾಗಾದರೆ ಜನರೇಟರ್ ಮಾರಬೇಡಿ" ಎಂದರು ಅಜ್ಜಿ. ಸಭೆಯ ನಡಾವಳಿಯಲ್ಲಿ ಅದನ್ನು ಬರೆಸಿದೆವು. ಕಂಪ್ರೆಸರಿಗೆ ಬ್ಯಾಟರಿ ಇಡುವುದು ನಮ್ಮ ಕೈಗೆ ಎಟುಕುವ ಖರ್ಚಲ್ಲ. ಆದರೆ ಹಾಲು ಪರೀಕ್ಷೆ ಮಾಡುವ ಯಂತ್ರ, ಕಂಪ್ಯೂಟರ್, ನಾಲ್ಕು ದೀಪಕ್ಕೆ ಸಾಕಾಗುವಷ್ಟು ಚಿಕ್ಕ ಬ್ಯಾಟರಿ ಬೇಕು ಎಂದು ಸಭೆಯೇ ಸೇರಿಸಿತು. ಕರೆಂಟ್ ಹೋದರೂ ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ನೋಡದೆ ಅಂದಾಜಿನಲ್ಲಿ ಹಾಲು ತೆಗೆದುಕೊಳ್ಳುವ ಪರಿಸ್ಥಿತಿ ಬರಬಾರದು ಎನ್ನುವುದು ಅವರ ಕಾಳಜಿ.

ಮತ್ತೊಬ್ಬರು ಕೇಳಿದರು, "ಜೂನ್‌ನಿಂದ ಸೂರ್ಯನೇ ಕಾಣದ ಊರಿಗೆ ಸೋಲಾರ್ ಎಂತಕ್ಕೆ ಮಾರಾಯ್ರೆ?" ವರ್ಷದ ಲೆಕ್ಕ ಹೇಳಿದೆವು. ಒಂದು ಕಿಲೋವ್ಯಾಟ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ನವೆಂಬರಿನಿಂದ ಮೇವರೆಗೆ ಜಾಸ್ತಿ, ಮಳೆಗಾಲದಲ್ಲಿ ಬಹಳ ಕಡಿಮೆ. ಬೇಸಗೆಯಲ್ಲಿ ಹಾಲು ತಣ್ಣಗೆ ಮಾಡುವ ಖರ್ಚೂ ಜಾಸ್ತಿ, ಆಗಲೇ ಬಿಸಿಲೂ ಜಾಸ್ತಿ. ಇನ್ನೊಬ್ಬರ ಪ್ರಶ್ನೆ, "ಹಾಲು ಬರುವುದು ಬೆಳಿಗ್ಗೆ, ಸಂಜೆ. ಬಿಸಿಲು ಇರುವುದು ಮಧ್ಯಾಹ್ನ. ಇದು ಹೇಗೆ ಸರಿಯಾಗ್ತದೆ?" ಅದಕ್ಕೆ ನೆಟ್ ಮೀಟರ್. ಮಧ್ಯಾಹ್ನ ಉಳಿದದ್ದು ಲೈನಿಗೆ ಹೋಗುತ್ತದೆ, ಸಂಜೆ ಬೇಕಾದದ್ದು ಲೈನಿನಿಂದ ಬರುತ್ತದೆ, ಹೋದದ್ದು ಬಂದದ್ದು ಎರಡನ್ನೂ ಒಂದೇ ಮೀಟರ್ ಬರೆದಿಡುತ್ತದೆ. ಸೊಸೈಟಿ ಬ್ಯಾಂಕಿನ ಉಳಿತಾಯ ಖಾತೆಯ ಹಾಗೆ ಎಂದು ಮಾಷ್ಟ್ರು ವಿವರಿಸಿದರು. ಎಲ್ಲರಿಗೂ ಅರ್ಥವಾಯಿತು.

ಮಾಡು ಸೋರಿದರೆ ಯಾರು ಹೊಣೆ? ಕಂತು ಕಟ್ಟುವ ವರ್ಷಗಳಲ್ಲಿ ಬೋನಸ್ ಕಡಿಮೆ ಆಗುತ್ತದಾ? ಹತ್ತಾರು ಲೀಟರ್ ಹಾಕುವವರಿಗೂ ಎರಡು ಲೀಟರ್ ಹಾಕುವವರಿಗೂ ಲಾಭ ಹೇಗೆ ಹಂಚುತ್ತೀರಿ? ಒಂದೊಂದಕ್ಕೂ ಉತ್ತರ ಬೇಕಿತ್ತು. ಉಳಿತಾಯ ಸಂಘದ ಲಾಭಕ್ಕೆ ಸೇರಿ, ಹಾಕಿದ ಹಾಲಿಗೆ ತಕ್ಕಂತೆ ಬೋನಸ್ ಆಗಿ ಹೋಗುತ್ತದೆ. ಮತ ಮಾತ್ರ ಹಾಲಿನ ಲೆಕ್ಕದಲ್ಲಿ ಅಲ್ಲ, ಒಬ್ಬರಿಗೆ ಒಂದು. ಅಜ್ಜಿಯ ಕೈಯೂ ದೊಡ್ಡ ಹಟ್ಟಿಯವರ ಕೈಯೂ ಸಮ. ಕೊನೆಗೆ ಕೈ ಎತ್ತಿಸಿದಾಗ ವಿರೋಧಿಸಿದವರು ಕೆಲವರು ಇದ್ದರು, ಅವರ ಹೆಸರೂ ನಡಾವಳಿಯಲ್ಲಿದೆ. ಅವರಲ್ಲೊಬ್ಬರೇ ಆಮೇಲೆ ಕಾಮಗಾರಿ ನೋಡಿಕೊಳ್ಳಲು ದಿನಾ ಬಂದು ನಿಂತರು.

ಕಚೇರಿ ಕೆಲಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸಹಕಾರ ಇಲಾಖೆಯ ಒಪ್ಪಿಗೆ, ನಮಗೆ ಕರೆಂಟ್ ಕೊಡುವ ಮೆಸ್ಕಾಂಗೆ ಅರ್ಜಿ, ಮಂಜೂರಾದ ಲೋಡ್ ಎಷ್ಟು ಎಂದು ನೋಡುವುದು, ಒಪ್ಪಂದ, ಕೆಲಸ ಮುಗಿದ ಮೇಲೆ ವಿದ್ಯುತ್ ಪರಿವೀಕ್ಷಣೆ, ಎರಡು ದಿಕ್ಕಿನ ಮೀಟರ್. ಕಾಗದ ಸರಿ ಇದ್ದರೆ ನಡೆಯುತ್ತದೆ. ಗಮನಿಸಬೇಕಾದದ್ದು ಟಿಸಿ ಒಂದೇ, ಅಂದರೆ ಟ್ರಾನ್ಸ್‌ಫಾರ್ಮರ್. ಊರಿನ ಟಿಸಿ 63 ಕೆವಿಎ ಇದ್ದರೆ ಅದಕ್ಕೆ ಸೇರಿಸಬಹುದಾದ ಸೋಲಾರಿಗೂ ಮಿತಿ ಇರುತ್ತದೆ. ಮೊದಲು ಬಂದ ಒಂದೆರಡು ದೊಡ್ಡ ಮನೆಯವರು ಅದನ್ನು ತುಂಬಿಸಿಬಿಟ್ಟರೆ ಉಳಿದವರಿಗೆ ಜಾಗ ಇರುವುದಿಲ್ಲ. ಹಳ್ಳಿಯವರು ಸೇರಿ ಯೋಚಿಸಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ.

ಪ್ಯಾನೆಲ್ ಏರಿದ್ದು ಡಿಸೆಂಬರಿನಲ್ಲಿ. ಮಾಡಿನ ದಕ್ಷಿಣಕ್ಕಿದ್ದ ಒಂದು ತೆಂಗಿನ ಮರದ ನೆರಳು ಸಾಲಿನ ತುದಿಗೆ ಬೀಳುತ್ತಿತ್ತು. ಒಂದು ಪ್ಯಾನೆಲಿಗೆ ನೆರಳಾದರೆ ಅದರ ಜತೆ ಸಾಲಾಗಿ ಜೋಡಿಸಿದ ಬೇರೆಯವೂ ಸೊರಗುತ್ತವೆ. ಮರ ಕಡಿಯಲು ಯಾರಿಗೂ ಮನಸ್ಸಾಗಲಿಲ್ಲ. ಸಾಲನ್ನೇ ಸರಿಸಿದೆವು, ಎರಡು ಪ್ಯಾನೆಲ್ ಬೇರೆ ಕಡೆ ಹೋಯಿತು.

ಮಾರ್ಚಿನ ಒಳ್ಳೆಯ ದಿನಗಳಲ್ಲಿ 90 ಯೂನಿಟ್ ಹತ್ತಿರ ಬಂತು. ಜುಲೈಯಲ್ಲಿ 20 ದಾಟದ ದಿನಗಳೂ ಇದ್ದವು. ಈ ಅಂಕಿಗಳು ಎಲ್ಲರಿಗೂ ಗೊತ್ತು. ಯಾಕೆಂದರೆ ಹಾಲಿನ ದರದ ಬೋರ್ಡ್ ಪಕ್ಕದಲ್ಲೇ ಇನ್ನೊಂದು ಬೋರ್ಡ್ ಹಾಕಿ, ನಿನ್ನೆಯ ಯೂನಿಟ್ ಎಷ್ಟು ಎಂದು ಕಾರ್ಯದರ್ಶಿ ಪ್ರತಿದಿನ ಬರೆಯುತ್ತಾರೆ. ಇದು ತುಂಬ ದೊಡ್ಡ ಕೆಲಸ ಮಾಡಿತು. ಮಳೆ ಬಿಟ್ಟ ಮೇಲೆ ಒಳ್ಳೆಯ ಬಿಸಿಲಿದ್ದೂ ಅಂಕಿ ಏರದಿದ್ದಾಗ ಹಾಲು ತಂದವರೇ ಕೇಳಿದರು, "ಇವತ್ತು ಎಂತ ಇಷ್ಟೇ?" ಹತ್ತಿ ನೋಡಿದರೆ ಪ್ಯಾನೆಲಿನ ಕೆಳ ಅಂಚಿಗೆ ಪಾಚಿ ಕಟ್ಟಿತ್ತು. ತೊಳೆದೆವು, ಏರಿತು. ಹಿಂದೆ ನಮ್ಮ ಕಡೆ ಸೋಲಾರ್ ಬೀದಿ ದೀಪ ಬಂದು, ಒಂದೆರಡು ವರ್ಷ ಉರಿದು, ಕಂಬ ಮಾತ್ರ ಉಳಿದದ್ದನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ದಿನಾ ನೋಡಿ ಪ್ರಶ್ನೆ ಕೇಳುವವರು ಇರಲಿಲ್ಲ.

ಸಂಘದ ಕಟ್ಟಡ ಆಯಿತು. ಸದಸ್ಯರ ಮನೆಗಳದ್ದು ಬೇರೆ ಕಥೆ, ಅದು ಅಷ್ಟು ಸುಲಭ ಆಗಲಿಲ್ಲ. 2023ರಿಂದ ಗೃಹಜ್ಯೋತಿ ಇದೆ, 200 ಯೂನಿಟ್ ಒಳಗಿನ ಅರ್ಹ ಮನೆಗಳಿಗೆ ಬಿಲ್ಲೇ ಬರುವುದಿಲ್ಲ. 10 ಎಚ್‌ಪಿವರೆಗಿನ ನೀರಾವರಿ ಪಂಪಿಗೂ ಕರೆಂಟ್ ಉಚಿತ. ಬಡ ಮನೆಗೆ ಇದರಿಂದ ನಿಜವಾದ ಸಹಾಯ ಆಗಿದೆ, ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಬಿಲ್ಲಿಲ್ಲದ ಮನೆಗೆ ಸೋಲಾರ್ ಹಾಕಿ ಎಂದರೆ ಯಾರು ಕೇಳುತ್ತಾರೆ? ಹಾಗಾಗಿ ಮುಂದೆ ಬಂದವರು ಹಾಲು ಕರೆಯುವ ಯಂತ್ರ, ಹುಲ್ಲು ಕತ್ತರಿಸುವ ಯಂತ್ರ ಇಟ್ಟುಕೊಂಡು 200 ದಾಟುವವರು, ಒಬ್ಬರು ಹಿಟ್ಟಿನ ಗಿರಣಿಯವರು.

ಇಂಥವರಿಗೆ ಸಂಘ ಎರಡು ಸಹಾಯ ಮಾಡಿತು. ಎಲ್ಲರ ಪರವಾಗಿ ಒಟ್ಟಿಗೆ ದರ ಕೇಳಿತು, ನಮ್ಮ ಆ ಹಾಳೆಯನ್ನೇ ಮುಂದಿಟ್ಟು. ಮತ್ತೆ, ಮನೆಯವರು ತೆಗೆದ ಸಾಲದ ಕಂತನ್ನು ಹಾಲಿನ ಬಿಲ್ಲಿನಿಂದ ಕಡಿತ ಮಾಡಿ ಬ್ಯಾಂಕಿಗೆ ಕಟ್ಟಲು ಒಪ್ಪಿತು. ದನದ ಸಾಲಕ್ಕೆ, ಹಿಂಡಿಗೆ ನಾವು ಹೀಗೆಯೇ ಮಾಡುತ್ತಾ ಬಂದಿದ್ದೇವೆ. ದುಡ್ಡು ಯಾವಾಗ ಕೈಗೆ ಬರುತ್ತದೋ ಆಗ ಕಂತು, ಬರುವ ಅಳತೆಗೇ ಕಂತು. 1995ರಲ್ಲಿ ಸೆಲ್ಕೊ ಎಂಬ ಸೋಲಾರ್ ಕಂಪನಿ ಶುರು ಮಾಡಿ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆಯವರು ಹಳ್ಳಿಗಳಿಗೆ ಸೋಲಾರ್ ದೀಪ ಮುಟ್ಟಿಸಿದ್ದೂ ಇದೇ ತಿಳಿವಳಿಕೆಯಿಂದ. ಬಡವರಿಗೆ ಸೋಲಾರ್ ದುಬಾರಿ ಆಗುವುದು ಬೆಲೆಯಿಂದ ಮಾತ್ರ ಅಲ್ಲ, ಕಂತು ಅವರ ದುಡಿಮೆಗೆ ಹೊಂದದಿದ್ದರೂ ದುಬಾರಿ ಆಗುತ್ತದೆ. ಹಾಲು ಹಾಕುವ ಮನೆ ಯಾವ ತಿಂಗಳು ಎಷ್ಟು ಕಟ್ಟಬಲ್ಲದು ಎಂದು ಸಂಘದ ಪುಸ್ತಕದಲ್ಲಿ ವರ್ಷಗಟ್ಟಲೆ ಲೆಕ್ಕ ಇದೆ. ದನ ಗಬ್ಬದಲ್ಲಿದ್ದು ಹಾಲು ನಿಂತ ತಿಂಗಳುಗಳಲ್ಲಿ ಕಂತು ಮುಂದೂಡಲು ಬ್ಯಾಂಕಿನವರನ್ನು ಒಪ್ಪಿಸಲು ಆ ಪುಸ್ತಕವೇ ಸಾಕಾಯಿತು.

ಈಗ ಉಳಿದಿರುವ ದೊಡ್ಡ ಪ್ರಶ್ನೆ ನೆರಳಿನ ಮನೆಗಳದ್ದು. ನಮ್ಮಲ್ಲಿ ಹೆಚ್ಚಿನ ಮನೆಗಳು ಅಡಿಕೆ ತೋಟದ ಒಳಗೆ ಇವೆ. ಮಾಡಿಗೆ ಎರಡು ಗಂಟೆ ಕೂಡ ಸರಿಯಾದ ಬಿಸಿಲು ಬೀಳುವುದಿಲ್ಲ. ಗಂಡ ತೀರಿಹೋದ ಮೇಲೆ ಮೂರು ದನ ಕಟ್ಟಿಕೊಂಡು ಮಕ್ಕಳನ್ನು ಓದಿಸುತ್ತಿರುವ ಸದಸ್ಯೆ ಒಬ್ಬರು ಕೇಳಿದರು, "ಅಕ್ಕ, ನನ್ನ ಮಾಡಿಗೆ ಬಿಸಿಲೇ ಇಲ್ಲ. ಸೊಸೈಟಿಯ ಮಾಡಿನಲ್ಲಿ ನನಗೆ ಎರಡು ಪ್ಲೇಟು ಕೊಡಿ, ಹಣ ಕಟ್ತೇನೆ. ಅದರ ಯೂನಿಟ್ ನನ್ನ ಬಿಲ್ಲಿಗೆ ಹಾಕಿ." ಎಷ್ಟು ನೇರವಾದ ಕೋರಿಕೆ! ಒಂದು ಕಡೆ ಎಲ್ಲರ ಪ್ಯಾನೆಲ್, ಪಾಲಿಗೆ ತಕ್ಕಂತೆ ಎಲ್ಲರ ಬಿಲ್ಲಿನಲ್ಲಿ ಕಡಿತ. ದೆಹಲಿಯಲ್ಲಿ 2019ರಿಂದಲೇ ಇದಕ್ಕೆ ನಿಯಮ ಇದೆ. ಅಂಥ ವ್ಯವಸ್ಥೆ ನಮ್ಮ ಹಳ್ಳಿಯ ಹಾಲಿನ ಸಂಘದ ಮಟ್ಟಕ್ಕೂ ಇಳಿದು ಬರಬೇಕು. ಬಂದ ದಿನ ಸೋಲಾರ್ ಒಳ್ಳೆಯ ಮಾಡು ಇದ್ದವರ ಸೊತ್ತಾಗಿ ಉಳಿಯುವುದಿಲ್ಲ.

ಅದಕ್ಕೆ ನಮ್ಮ ಕಡೆಯಿಂದ ಆಗಬೇಕಾದ ಕೆಲಸವನ್ನು ಈಗಲೇ ಶುರು ಮಾಡಿದ್ದೇವೆ. ಬೈಲಾದಲ್ಲಿ ಸಂಘದ ಉದ್ದೇಶಗಳ ಪಟ್ಟಿ ಹಾಲು, ಹಿಂಡಿ, ಪಶು ಆರೋಗ್ಯದ ಸುತ್ತಲೇ ಇದೆ. ಸದಸ್ಯರಿಗಾಗಿ ವಿದ್ಯುತ್ ಉತ್ಪಾದನೆ ಎನ್ನುವುದನ್ನು ಅದಕ್ಕೆ ಸೇರಿಸಬೇಕು. ತಿದ್ದುಪಡಿಯ ಕರಡು ತಯಾರಾಗಿದೆ. ಅದರಲ್ಲಿ ಒಬ್ಬ ಸದಸ್ಯರು ಕೊಳ್ಳಬಹುದಾದ ಪಾಲಿಗೆ ಮೇಲ್ಮಿತಿ ಇಟ್ಟಿದ್ದೇವೆ, ಹಣ ಇರುವವರೇ ಎಲ್ಲ ಪ್ಯಾನೆಲ್ ಕೊಂಡುಬಿಡಬಾರದು ಎಂದು. ಕಾಡಂಚಿನ ಆ ಮೂರು ಮನೆಯವರೂ ಸಂಘಕ್ಕೆ ಹಾಲು ಹಾಕುತ್ತಾರೆ. ಅವರ ತೊರೆಯಲ್ಲಿ ಇನ್ನೊಂದು ಟರ್ಬೈನಿಗೆ ಸಾಕಾಗುವಷ್ಟು ನೀರು ಇದೆಯಾ ಎಂದು ಈ ಮಳೆಗಾಲದಲ್ಲಿ ಅಳೆದು ಕೊಡುತ್ತೇವೆ ಎಂದಿದ್ದಾರೆ. ಎರಡೂ ವಿಷಯ ಬರುವ ಸೆಪ್ಟೆಂಬರಿನ ಮಹಾಸಭೆಯ ಮುಂದೆ ಬರುತ್ತವೆ. ಸಭೆ ಒಪ್ಪಿದರೆ ತಿದ್ದುಪಡಿ ನೋಂದಣಿಗೆ ಇಲಾಖೆಗೆ ಹೋಗುತ್ತದೆ. ನಿಮ್ಮ ಸಂಘದಲ್ಲಿ ಇಂಥ ತಿದ್ದುಪಡಿ ಈಗಾಗಲೇ ಆಗಿದ್ದರೆ, ಪಾಲಿನ ಮೇಲ್ಮಿತಿಯನ್ನು ಹೇಗೆ ಬರೆದಿರಿ ಎಂದು ದಯವಿಟ್ಟು ತಿಳಿಸಿ. ಆ ಒಂದು ಸಾಲಿನ ಮೇಲೆ ನಮ್ಮಲ್ಲಿ ಇನ್ನೂ ಮಾತು ಮುಗಿದಿಲ್ಲ.